ಕಪಿಲ್ ಶರ್ಮಾ ಹತ್ತಿರ 300 ಕೋಟಿ ಇದೆ ಅಂತಾರೆ, ಅದೆಲ್ಲ ಜೋಕ್ ಹೇಳಿ ಬಂದ ದುಡ್ಡಾ?

ಕೆರೆದಂಡೆ ಕಿಟ್ಟಿ ಕೇಳಿದ್ದು:

ನಮಸ್ಕಾರ ಎಲ್ಲರಿಗೂ. ಸ್ವಲ್ಪ ಉದ್ದ ಆಗುತ್ತದೆ, ಬೇಜಾರು ಮಾಡ್ಕೋಬೇಡಿ.

ಯುಗಾದಿಯಿಂದ ನಮ್ಮ ಮನೆಯಲ್ಲಿ ಹಿಂದಿ ಟಿವಿಯ ಕಾಮಿಡಿಯನ್ ಕಪಿಲ್ ಶರ್ಮಾ ಹೆಸರಲ್ಲಿ ಜಗಳ ನಡೆಯುತ್ತಿದೆ. ನನ್ನ ತಮ್ಮನಿಗೆ 26 ವರ್ಷ. ಬೆಂಗಳೂರಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸ, ಸಂಬಳ ಪರವಾಗಿಲ್ಲ. ಒಂದು ವರ್ಷದಿಂದ ವಾರಕ್ಕೆರಡು ರಾತ್ರಿ ಓಪನ್ ಮೈಕ್‌ಗೆ (ಹೊಸಬರು ಜೋಕ್ ಹೇಳಿ ನೋಡುವ ವೇದಿಕೆ) ಹೋಗುತ್ತಾನೆ ಅಂತ ನನಗೆ ಗೊತ್ತಿತ್ತು, ಅಪ್ಪನಿಗೆ ಗೊತ್ತಿರಲಿಲ್ಲ. ಹಬ್ಬದ ಊಟಕ್ಕೆ ಕೂತಾಗ, ಎರಡನೇ ಒಬ್ಬಟ್ಟಿಗೆ ತುಪ್ಪ ಹಾಕಿಸಿಕೊಳ್ಳುತ್ತಾ, ಕೆಲಸ ಬಿಡ್ತೀನಿ, ಇನ್ಮೇಲೆ ಸ್ಟ್ಯಾಂಡ್ ಅಪ್ ಕಾಮಿಡಿನೇ ಮಾಡ್ತೀನಿ ಅಂದುಬಿಟ್ಟ. ಅಪ್ಪ ಮಜ್ಜಿಗೆಗೂ ಕಾಯಲಿಲ್ಲ. ಎಲೆ ಮಡಚಿ ಎದ್ದರು.

ಅಲ್ಲಿಗೆ ಮುಗಿಯುತ್ತಿತ್ತೇನೋ, ಆದರೆ ನಮ್ಮ ಮಾವ ಸುಮ್ನಿರಬೇಕಲ್ಲ. ಫೋನ್ ತೆಗೆದು ಎಂಥದೋ ವೆಬ್‌ಸೈಟ್ ತೋರಿಸಿದರು. ಕಪಿಲ್ ಶರ್ಮಾ ಆಸ್ತಿ 300 ಕೋಟಿ ಅಂತೆ. "ನೋಡಿ ಭಾವ, ಅವರಪ್ಪ ಪೊಲೀಸು, ನೀವು ಬಸ್ ಕಂಡಕ್ಟರು, ಏನು ವ್ಯತ್ಯಾಸ?" ಅಂದರು. ಅಪ್ಪ ಆವತ್ತಿಂದ ಮಾವನ ಜೊತೆಗೂ ಮಾತಾಡುತ್ತಿಲ್ಲ.

ನಾನು ಆ ಮನುಷ್ಯನ ಶೋ ಅಲ್ಲೊಂದು ಇಲ್ಲೊಂದು ನೋಡಿದ್ದೇನೆ ಅಷ್ಟೇ. ಎಲ್ಲಿಂದ ಬಂದರು, ಮೊದಲ ದುಡ್ಡು ಹೇಗೆ ಬಂತು, ಮನೆ ಸಂಸಾರ ಹೇಗಿದೆ, ಆ 300 ಕೋಟಿ ನಿಜವಾ, ಗೊತ್ತಿದ್ದವರು ಸರಿಯಾಗಿ ಹೇಳಿ. ತಮ್ಮನನ್ನು ತಡೆಯೋಕಲ್ಲ, ತಳ್ಳೋಕೂ ಅಲ್ಲ. ಮಾತಾಡುವ ಮೊದಲು ನನಗೆ ಲೆಕ್ಕ ಗೊತ್ತಿರಲಿ ಅಂತ.

ಗಿರ್ಮಿಟ್ ಹುಬ್ಬಳ್ಳಿ:

ಕಿಟ್ಟಿ ಅವರೇ, ನಿಮ್ಮ ಮಾವ ಹೇಳಿದ್ದರಲ್ಲಿ ಪೊಲೀಸು ಮಾತ್ರ ಖರೆ. ಕಪಿಲ್ ಹುಟ್ಟಿದ್ದು 1981ರ ಏಪ್ರಿಲ್ 2ಕ್ಕೆ, ಅಮೃತಸರದಲ್ಲಿ. ತಂದೆ ಪಂಜಾಬ್ ಪೊಲೀಸ್‌ನಲ್ಲಿ ಹೆಡ್ ಕಾನ್‌ಸ್ಟೆಬಲ್. ಅವರು 2004ರಲ್ಲಿ ಕ್ಯಾನ್ಸರ್‌ನಿಂದ ತೀರಿಕೊಂಡರು, ಆಗ ಇವರಿಗೆ 23. ಓದುವಾಗಲೇ ಎಸ್‌ಟಿಡಿ ಬೂತ್‌ನಲ್ಲಿ ಕೂತವರು, ಬಟ್ಟೆ ಮಿಲ್ಲಿನಲ್ಲೂ ಕೆಲಸ ಮಾಡಿದವರು. ಇದನ್ನೆಲ್ಲ ಅವರೇ ಹೇಳಿಕೊಂಡಿದ್ದಾರೆ. ಆಗಿನ ಆಸೆ ಹಾಡುಗಾರ ಆಗಬೇಕು ಅಂತ. ಕಾಲೇಜಿನಲ್ಲಿ ನಾಟಕ ಮಾಡಿಸುತ್ತಿದ್ದರು. ಕಾಮಿಡಿ ನಡುವೆ ಸೇರಿಕೊಂಡಿತು.

ಈಗ ನಿಮ್ಮ ತಮ್ಮ ಕೇಳಬೇಕಾದ ಭಾಗ. ಗ್ರೇಟ್ ಇಂಡಿಯನ್ ಲಾಫ್ಟರ್ ಚಾಲೆಂಜ್ ಅನ್ನುವ ಟಿವಿ ಕಾಮಿಡಿ ಸ್ಪರ್ಧೆಯ ಮೂರನೇ ಸೀಸನ್‌ಗೆ ಅಮೃತಸರದಲ್ಲೇ ಆಡಿಷನ್ ನಡೆಯಿತು. ಕಪಿಲ್ ಫೇಲ್. ಜೊತೆಗೆ ಹೋಗಿದ್ದ ಬಾಲ್ಯದ ಗೆಳೆಯ ಚಂದನ್ ಪ್ರಭಾಕರ್ ಪಾಸ್. ಯೋಚನೆ ಮಾಡಿ, ಅದೇ ಓಣಿ, ಅದೇ ಗೆಳೆಯ, ಅವನು ಮುಂಬೈಗೆ ಹೊರಟ, ಇವರು ಮನೆಗೆ! ಆಮೇಲೆ ದೆಹಲಿ ಆಡಿಷನ್‌ಗೆ ಹೋದರು, ಅಲ್ಲಿ ಆಯ್ಕೆಯಾದರು, 2007ರಲ್ಲಿ ಇಡೀ ಸೀಸನ್ ಗೆದ್ದರು. ಬಹುಮಾನ 10 ಲಕ್ಷ. ಚಂದನ್ ರನ್ನರ್ ಅಪ್. ಆ ದುಡ್ಡಿನಲ್ಲಿ ತಂಗಿಯ ಮದುವೆ ಮಾಡಿದರು. ಮುಂದೆ ಕಪಿಲ್ ಶೋನಲ್ಲಿ ಚಂದು ಚಾಯ್‌ವಾಲಾ ಅಂತ ನೋಡಿದ್ದೀರಲ್ಲ, ಅದೇ ಚಂದನ್.

ಗೆದ್ದ ಮೇಲೆ ಬದುಕು ಬದಲಾಯಿತು ಅಂತ ಎಲ್ಲರೂ ಬರೆಯುತ್ತಾರೆ. ಆದರೆ ಸ್ವಂತ ಶೋ ಬಂದಿದ್ದು 2013ರ ಜೂನ್ 22ಕ್ಕೆ. ಆರು ವರ್ಷ! ನಡುವೆ ಕಾಮಿಡಿ ಸರ್ಕಸ್ ಅಂತ ಸೋನಿಯಲ್ಲಿ ಬರುತ್ತಿತ್ತು, ಅದರಲ್ಲಿ ಆರು ಸೀಸನ್ ಗೆದ್ದರು. ವಾರವಾರ ಹೊಸ ಸ್ಕಿಟ್, ಹೊಸ ವೇಷ, ಎದುರಿಗೆ ಜಡ್ಜ್‌ಗಳು. ಅಲ್ಲಿ ಪಳಗಿದ ಮೇಲೇ ಕಾಮಿಡಿ ನೈಟ್ಸ್ ವಿತ್ ಕಪಿಲ್ ಶುರುವಾಗಿದ್ದು. ಮೊದಲ ಎಪಿಸೋಡಿಗೆ ಬಂದವರು ಧರ್ಮೇಂದ್ರ. ಆಮೇಲೆ ಹೆಣ್ಣುವೇಷಗಳು, ಅಲಿ ಅಸ್ಗರ್ ಅವರ ದಾದಿ (ಅಜ್ಜಿ), ಸುನಿಲ್ ಗ್ರೋವರ್ ಅವರ ಗುತ್ಥಿ, ಕಿಕು ಶಾರದಾ ಅವರ ಪಲಕ್, ಸೋಫಾ ಮೇಲೆ ಸಿಧು. ನಮ್ಮ ಅವ್ವನಿಗೆ ಹಿಂದಿ ಒಂದಕ್ಷರ ಬರುವುದಿಲ್ಲ, ಆದರೂ ಶನಿವಾರ ಭಾನುವಾರ ರಾತ್ರಿ ಹತ್ತಕ್ಕೆ ರಿಮೋಟ್ ಅವರ ಕೈಯಲ್ಲೇ. ದಾದಿ ಬಂದರೆ ಸಾಕು, ಮಾತು ಶುರುವಾಗುವ ಮೊದಲೇ ನಗುತ್ತಿದ್ದರು.

ಲೆಕ್ಕದ ಪುಸ್ತಕ:

ನಾನು ತೆರಿಗೆ ಲೆಕ್ಕ ಬರೆಯುವ ಆಫೀಸಿನಲ್ಲಿರುವವನು, ದುಡ್ಡಿನ ವಿಷಯ ಮಾತ್ರ ಹೇಳುತ್ತೇನೆ.

ಮೊದಲು ಆ 300 ಕೋಟಿ ಮರೆತುಬಿಡಿ. ಒಬ್ಬ ಮನುಷ್ಯನ ಆಸ್ತಿ ಹೊರಗಿನವರಿಗೆ ಗೊತ್ತಾಗಬೇಕಾದರೆ ಅವನು ಚುನಾವಣೆಗೆ ನಿಂತು ಅಫಿಡವಿಟ್ ಕೊಡಬೇಕು, ಇಲ್ಲ ಅವನ ಕಂಪನಿ ಷೇರುಪೇಟೆಯಲ್ಲಿರಬೇಕು. ಕಪಿಲ್ ಎರಡೂ ಅಲ್ಲ. ಹಾಗಾದರೆ ಈ ವೆಬ್‌ಸೈಟ್‌ನವರಿಗೆ ಯಾರು ಹೇಳಿದರು? ಯಾರೂ ಹೇಳಿಲ್ಲ. ಎಲ್ಲೋ ಬಂದ "ಎಪಿಸೋಡಿಗೆ ಇಷ್ಟು ಕೋಟಿಯಂತೆ" ಅನ್ನುವ ಗಾಳಿಮಾತನ್ನು ಎಪಿಸೋಡುಗಳ ಸಂಖ್ಯೆಯಿಂದ ಗುಣಿಸುತ್ತಾರೆ. ತೆರಿಗೆ ಕಳೆಯುವುದಿಲ್ಲ, ಖರ್ಚು ಕಳೆಯುವುದಿಲ್ಲ. ಇನ್ನೊಬ್ಬ ಅದನ್ನೇ ಕಾಪಿ ಹೊಡೆದು ಒಂದಿಪ್ಪತ್ತು ಕೋಟಿ ಜಾಸ್ತಿ ಮಾಡುತ್ತಾನೆ.

ಅವರ ಕೈಯಿಂದಲೇ ಬಂದ ಅಂಕಿ ಒಂದಿದೆ, ಅದನ್ನು ಹಿಡಿದುಕೊಳ್ಳೋಣ. 2016ರ ಸೆಪ್ಟೆಂಬರ್‌ನಲ್ಲಿ ಕಪಿಲ್ ಒಂದು ಟ್ವೀಟ್ ಹಾಕಿದರು. ಐದು ವರ್ಷದಿಂದ 15 ಕೋಟಿ ಆದಾಯ ತೆರಿಗೆ ಕಟ್ಟುತ್ತಿದ್ದೇನೆ, ಆದರೂ ಕಚೇರಿ ಮಾಡಿಕೊಳ್ಳಲು ಮುಂಬೈ ಪಾಲಿಕೆಗೆ 5 ಲಕ್ಷ ಲಂಚ ಕೊಡಬೇಕಾ ಅಂತ, ಪ್ರಧಾನಿಯನ್ನೇ ಟ್ಯಾಗ್ ಮಾಡಿ. ದೊಡ್ಡ ಗಲಾಟೆ ಆಯಿತು. ಪಾಲಿಕೆಯವರು ತಿರುಗಿಬಿದ್ದು ನಿಮ್ಮ ಕಟ್ಟಡದಲ್ಲೇ ನಿಯಮ ಮೀರಿದೆ ಅಂದರು. ಅದು ಬೇರೆ ಕಥೆ.

ನನಗೆ ಬೇಕಾದದ್ದು ಆ 15 ಕೋಟಿ. ಆಗಿನ ಮೇಲಿನ ಸ್ಲ್ಯಾಬ್ ನೂರಕ್ಕೆ 30. ಕೋಟಿ ದಾಟಿದವರಿಗೆ ಸರ್‌ಚಾರ್ಜ್, ಅದರ ಮೇಲೆ ಸೆಸ್, ಎಲ್ಲ ಸೇರಿಸಿದರೆ ಹತ್ತಿರಹತ್ತಿರ ನೂರಕ್ಕೆ 33, 34. ಅಂದರೆ 15 ಕೋಟಿ ತೆರಿಗೆಗೆ ಆದಾಯ ಸುಮಾರು 45 ಕೋಟಿ. ಇದು ಐದೂ ವರ್ಷ ಸೇರಿಸಿಯಾ, ವರ್ಷಕ್ಕೊಂದು 15 ಕೋಟಿಯಾ ಅನ್ನುವುದು ಟ್ವೀಟ್‌ನ ವಾಕ್ಯದಲ್ಲಿ ಸರಿಯಾಗಿ ಗೊತ್ತಾಗುವುದಿಲ್ಲ. ಒಟ್ಟು ಅಂತ ಇಟ್ಟುಕೊಂಡರೆ ತೆರಿಗೆ ಕಳೆದು ಕೈಗೆ ಉಳಿದದ್ದು 30 ಕೋಟಿ, ಅದರಲ್ಲೇ ಮುಂಬೈ ಮನೆ, ಕಾರು, ಎಲ್ಲ. ವರ್ಷಕ್ಕೆ ಅಂತ ಇಟ್ಟುಕೊಂಡರೆ ಅದರ ಐದರಷ್ಟು. ನೋಡಿ, ಅವರೇ ಬರೆದ ಒಂದು ಸಾಲಿನಿಂದ ಇಷ್ಟು ವ್ಯತ್ಯಾಸ ಬರುತ್ತದೆ, ವೆಬ್‌ಸೈಟ್ ಯಾವ ಲೆಕ್ಕ.

ಇನ್ನು ನಿಮ್ಮ ಅಸಲು ಪ್ರಶ್ನೆ, ಜೋಕ್ ಹೇಳಿ ಬಂದ ದುಡ್ಡಾ ಅಂತ. ಅರ್ಧ ಹೌದು. ಇನ್ನರ್ಧ ಅಂಗಡಿ ಮಾಲೀಕನಾಗಿ ಬಂದದ್ದು. ಕಾಮಿಡಿ ನೈಟ್ಸ್‌ನಲ್ಲಿ ಅವರು ಬರೀ ನಿರೂಪಕ ಅಲ್ಲ, ಕೆ9 ಅನ್ನುವ ಅವರದೇ ಕಂಪನಿ ನಿರ್ಮಾಣದಲ್ಲಿ ಪಾಲುದಾರ. ಚಾನೆಲ್‌ನವರು ಎಪಿಸೋಡಿಗೆ ಇಷ್ಟು ಅಂತ ನಿರ್ಮಾಪಕನಿಗೆ ಕೊಡುತ್ತಾರೆ. ಅದರಲ್ಲಿ ಸೆಟ್ಟು, ಲೈಟು, ಬರಹಗಾರರು, ಕಲಾವಿದರು, ಊಟ ತಿಂಡಿ ಎಲ್ಲ ಕಳೆದು ಉಳಿದದ್ದು ನಿರ್ಮಾಪಕನದು. ಗುತ್ಥಿಗೆ ಬರುವುದು ದಿನದ ಕೂಲಿ, ಎಷ್ಟೇ ದೊಡ್ಡದಿರಲಿ. ಕಪಿಲ್‌ಗೆ ಕೂಲಿಯೂ ಬರುತ್ತದೆ, ಗಲ್ಲಾಪೆಟ್ಟಿಗೆಯ ಪಾಲೂ ಬರುತ್ತದೆ. ಕನ್ನಡದಲ್ಲೇ ನೋಡಿ, 2015ರಲ್ಲಿ ಸೃಜನ್ ಲೋಕೇಶ್ ಮಜಾ ಟಾಕೀಸ್ ಶುರು ಮಾಡಿದಾಗ ನಿರ್ಮಾಣವೂ ಅವರ ಲೋಕೇಶ್ ಪ್ರೊಡಕ್ಷನ್ಸ್‌ದೇ. ಇದನ್ನು ಅರ್ಥ ಮಾಡಿಕೊಂಡವರು ಕೆಲವರೇ.

ಮಾಲೀಕನಾದರೆ ನಷ್ಟವೂ ನಿಮ್ಮದೇ, ಮಾವನಿಗೆ ಇದನ್ನೂ ಹೇಳಿ. 2013ರ ಸೆಪ್ಟೆಂಬರ್ 25ಕ್ಕೆ ಗೋರೆಗಾಂವ್ ಫಿಲ್ಮ್ ಸಿಟಿಯಲ್ಲಿ ಕಾಮಿಡಿ ನೈಟ್ಸ್ ಸೆಟ್ ಸುಟ್ಟುಹೋಯಿತು, ಶೋ ಶುರುವಾಗಿ ಮೂರೇ ತಿಂಗಳಿಗೆ. 2017ರಲ್ಲಿ ಫಿರಂಗಿ ಅಂತ ಸಿನಿಮಾಗೆ ಅವರೇ ದುಡ್ಡು ಹಾಕಿ ಅವರೇ ನಾಯಕ ಆದರು. ಮಕಾಡೆ ಮಲಗಿತು.

ಕೆರೆದಂಡೆ ಕಿಟ್ಟಿ:

ಲೆಕ್ಕದ ಪುಸ್ತಕ ಸರ್, ಕೈ ಮುಗಿದೆ. ಮಾವನಿಗೆ ಕಳಿಸಿದೆ. ನೀಲಿ ಗೆರೆ ಎರಡು ಬಂದಿದೆ, ಉತ್ತರ ಇಲ್ಲ. ಒಂದು ಅನುಮಾನ, ಈಗ ನೆಟ್‌ಫ್ಲಿಕ್ಸ್‌ಗೆ ಹೋಗಿದ್ದಾರಲ್ಲ, ಅಲ್ಲಿ ಟಿವಿಗಿಂತ ಜಾಸ್ತಿ ಸಿಗುತ್ತದಾ?

ಲೆಕ್ಕದ ಪುಸ್ತಕ:

ಎಪಿಸೋಡಿಗೆ ಜಾಸ್ತಿ ಸಿಗಬಹುದು, ಎಪಿಸೋಡು ಎಷ್ಟು ಅಂತಲೂ ನೋಡಬೇಕಲ್ಲ. ಟಿವಿಯಲ್ಲಿ ವಾರಕ್ಕೆರಡು, ವರ್ಷಪೂರ್ತಿ ನಡೆದರೆ ನೂರು. ನೆಟ್‌ಫ್ಲಿಕ್ಸ್‌ನ ಮೊದಲ ಸೀಸನ್ 2024ರ ಮಾರ್ಚ್ 30ಕ್ಕೆ ಶುರುವಾಗಿ ವಾರಕ್ಕೊಂದರಂತೆ 13ಕ್ಕೆ ಮುಗಿಯಿತು. ಹದಿಮೂರು ದೊಡ್ಡ ಚೆಕ್ಕಾ, ನೂರು ಸಣ್ಣ ಚೆಕ್ಕಾ ಅನ್ನುವ ಲೆಕ್ಕ. ದಿನಾ ಸೆಟ್‌ಗೆ ಹೋಗುವ ಬೇನೆ ತಪ್ಪುತ್ತದೆ, ಅದಕ್ಕೂ ಬೆಲೆ ಇದೆ ಅನ್ನಿ.

ಪಾಂಡೇಶ್ವರದ ಅಕ್ಕ:

ದುಡ್ಡಿನ ಲೆಕ್ಕ ಗಂಡಸರು ಮಾಡಿ ಆಯಿತಲ್ಲ ಮಾರಾಯ್ರೆ, ಸಂಸಾರದ್ದು ನಾನು ಹೇಳುತ್ತೇನೆ. ಇದರಲ್ಲಿ ಬೆಂಗಳೂರೂ ಬರುತ್ತದೆ.

ಹೆಂಡತಿ ಗಿನ್ನಿ ಚತ್ರಥ್, ಜಲಂಧರದವರು. 2005ರ ಹೊತ್ತಿಗೆ ಕಪಿಲ್ ಅಲ್ಲಿನ ಕಾಲೇಜಿಗೆ ನಾಟಕ ಮಾಡಿಸಲು ಹೋಗುತ್ತಿದ್ದಾಗ ಆಡಿಷನ್ ಕೊಡಲು ಬಂದ ಹುಡುಗಿ. ಅವರದು ಅನುಕೂಲಸ್ಥರ ಮನೆ, ಇವರದು ಪೊಲೀಸ್ ಮನೆತನ, ಜಾತಿ ಪದ್ಧತಿಯೂ ಬೇರೆ. ಸಂಬಂಧ ಕೇಳಿದಾಗ ಹುಡುಗಿಯ ತಂದೆ ಒಪ್ಪಲಿಲ್ಲ. ಆಮೇಲೆ ವರ್ಷಗಟ್ಟಲೆ ಮಾತೇ ಇಲ್ಲ.

ಈಗ 2017ರ ಮಾರ್ಚ್ ನೋಡಿ. ಆಸ್ಟ್ರೇಲಿಯಾ ಶೋ ಮುಗಿಸಿ ಮೆಲ್ಬರ್ನ್‌ನಿಂದ ಬರುವಾಗ ವಿಮಾನದಲ್ಲಿ ಸುನಿಲ್ ಗ್ರೋವರ್ ಜೊತೆ ಜಗಳ ಆಯಿತು. ಅದಾಗಿ ಎರಡು ಮೂರು ದಿನಕ್ಕೇ ಗಿನ್ನಿಯ ಫೋಟೋ ಹಾಕಿ, ಇವಳೇ ನನ್ನವಳು ಅಂತ ಊರಿಗೆಲ್ಲ ಹೇಳಿದರು! ಒಂದು ಕಡೆ ಹತ್ತು ಜನ ಕೂಡಿ ಕಟ್ಟಿದ ಮನೆ ಒಡೆಯುತ್ತಿದೆ, ಸುನಿಲ್ ಹೋದರು, ಅಲಿ ಅಸ್ಗರ್ ಹೋದರು, ಚಂದನ್ ಕೂಡ ಸ್ವಲ್ಪ ದಿನ ಹೋದರು, ಇನ್ನೊಂದು ಕಡೆ ಮದುವೆಯ ಮಾತು. ಮನುಷ್ಯ ಆಗ ಸರಿ ಇರಲಿಲ್ಲ. ಕುಡಿತ, ಖಿನ್ನತೆ, ಎರಡನ್ನೂ ಅವರೇ ಒಪ್ಪಿಕೊಂಡಿದ್ದಾರೆ. ಶಾರುಖ್ ಖಾನ್, ಅಜಯ್ ದೇವಗನ್ ಅಂಥವರ ಶೂಟಿಂಗೇ ಕೊನೆ ಗಳಿಗೆಯಲ್ಲಿ ರದ್ದಾಯಿತು. ಕಾಮಿಡಿ ನೈಟ್ಸ್ ಆದ ಮೇಲೆ ಮಾಡುತ್ತಿದ್ದ ದಿ ಕಪಿಲ್ ಶರ್ಮಾ ಶೋ ನಿಂತಿತು. ಕುಡಿತ ಬಿಡಿಸಿಕೊಳ್ಳಲು ಬೆಂಗಳೂರಿನ ಒಂದು ಆಯುರ್ವೇದ ಕೇಂದ್ರಕ್ಕೆ ಬಂದರು, ಫಿರಂಗಿ ಕೆಲಸ ಅಂತ ಪೂರ್ತಿ ದಿನ ಮುಗಿಸದೆ ಎದ್ದು ಹೋದರು. ಆ ಸಿನಿಮಾ ಏನಾಯಿತು ಅಂತ ಮೇಲಿನವರು ಹೇಳಿದ್ದಾರಲ್ಲ. 2018ರಲ್ಲಿ ಇನ್ನೊಂದು ಶೋ ಶುರು ಮಾಡಿದರು, ಕೆಲವೇ ಎಪಿಸೋಡಿಗೆ ಅದೂ ನಿಂತಿತು.

ಆಮೇಲೆ 2018ರ ಡಿಸೆಂಬರ್ 12ಕ್ಕೆ ಜಲಂಧರದಲ್ಲಿ ಮದುವೆ. ಹಿಂದೂ ಪದ್ಧತಿ ಒಮ್ಮೆ, ಸಿಖ್ಖರ ಪದ್ಧತಿ ಒಮ್ಮೆ. ಅದೇ 29ಕ್ಕೆ ಟಿವಿಯಲ್ಲಿ ದಿ ಕಪಿಲ್ ಶರ್ಮಾ ಶೋ ಮತ್ತೆ ಶುರು. ಹದಿನೇಳು ದಿನ! ಮುಂದಿನ ವರ್ಷ ಡಿಸೆಂಬರ್‌ನಲ್ಲಿ ಮಗಳು ಅನಾಯ್ರಾ, 2021ರ ಫೆಬ್ರವರಿಯಲ್ಲಿ ಮಗ ತ್ರಿಶಾನ್. ಸುನಿಲ್ ಜೊತೆ ರಾಜಿ ಆಗಲು 2024ರ ತನಕ ಬೇಕಾಯಿತು. ನೆಟ್‌ಫ್ಲಿಕ್ಸ್ ಪ್ರೋಮೋದಲ್ಲಿ ಇಬ್ಬರೂ ಆ ವಿಮಾನದ ಬಗ್ಗೆಯೇ ತಮಾಷೆ ಮಾಡಿಕೊಂಡರು.

2022ರಲ್ಲಿ ನೆಟ್‌ಫ್ಲಿಕ್ಸ್‌ಗೆ ಒಬ್ಬರೇ ನಿಂತು ಮಾಡಿದ ಕಾರ್ಯಕ್ರಮ ಇದೆ, ನೋಡದವರು ನೋಡಿ. ಕುಡಿದು ಟ್ವೀಟ್ ಮಾಡಿದ ಕಥೆ ಅದರಲ್ಲಿ ಹೇಳುತ್ತಾರೆ. ಆ ಲಂಚದ ಟ್ವೀಟ್ ಹಾಕಿ ಹೆದರಿ ಮಾಲ್ಡೀವ್ಸ್‌ಗೆ ಓಡಿಹೋದರಂತೆ, ಎಂಟೊಂಬತ್ತು ದಿನಕ್ಕೆ 9 ಲಕ್ಷ ಖರ್ಚಾಯಿತಂತೆ, ನನ್ನ ಇಡೀ ಓದಿಗೂ ಅಷ್ಟು ಆಗಿರಲಿಲ್ಲ ಅನ್ನುತ್ತಾರೆ. ಲೆಕ್ಕದ ಪುಸ್ತಕದವರು 15 ಕೋಟಿ ಹಿಡಿದು ಕೂತ ಅದೇ ಟ್ವೀಟ್!

ಲೆಕ್ಕದ ಪುಸ್ತಕ:

ಅಕ್ಕಾ, ಕುಡಿದು ಬರೆದ ಅಂಕಿ ಅಂತ ಗೊತ್ತಿದ್ದರೆ ನಾನು ಗುಣಾಕಾರವೇ ಮಾಡುತ್ತಿರಲಿಲ್ಲ.

ಖಾಲಿ ಕುರ್ಚಿ:

ಎಲ್ಲರೂ ಒಂದು ವಿಷಯ ಬಿಟ್ಟಿದ್ದೀರಿ. ಕಪಿಲ್ ಶರ್ಮಾ ಮಾಡುವುದು ಸ್ಟ್ಯಾಂಡ್ ಅಪ್ಪೇ ಅಲ್ಲ. ಅದು ಟಿವಿ ಮನರಂಜನೆ. ಗಂಡಸರಿಗೆ ಸೀರೆ ಉಡಿಸುವುದು, ದಪ್ಪಗಿರುವವರನ್ನು, ಶೋನಲ್ಲಿ ಹೆಂಡತಿ ಪಾತ್ರ ಮಾಡುವವರ ತುಟಿಯನ್ನು ಆಡಿಕೊಳ್ಳುವುದು. ಸ್ಟ್ಯಾಂಡ್ ಅಪ್ ಬೇಕಾದರೆ ಜಾಕಿರ್ ಖಾನ್ ಹೆಸರು ಹೇಳಿ. 2025ರ ಆಗಸ್ಟ್‌ನಲ್ಲಿ ನ್ಯೂಯಾರ್ಕ್‌ನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಹಿಂದಿಯಲ್ಲೇ ಶೋ ಮಾಡಿದ ಮನುಷ್ಯ. ಮೈಕು, ಸ್ಟೂಲು, ತಾನು, ಅಷ್ಟೇ.

ಪಾಂಡೇಶ್ವರದ ಅಕ್ಕ:

ಆ ತುಟಿ ಜೋಕ್ ವಿಷಯ ಒಪ್ಪಿದೆ. ಆ ಪಾತ್ರ ಮಾಡಿದ ಸುಮೋನಾ ಅವರಿಗೆ ಹೇಳಿದ್ದನ್ನೇ ವರ್ಷಗಟ್ಟಲೆ ಹೇಳಿದರು, ನನಗೂ ಸರಿ ಕಾಣಲಿಲ್ಲ. ಆದರೆ ಗೆಸ್ಟ್ ಬಂದು ಕೂತಾಗ ಸ್ಕ್ರಿಪ್ಟ್ ಬಿಟ್ಟು ಆ ಕ್ಷಣಕ್ಕೆ ಹೊಳೆದದ್ದನ್ನು ಎಸೆಯುತ್ತಾರಲ್ಲ, ಅದು ಮೈಕ್ ಹಿಡಿದು ಕಲಿತವರಿಗೆ ಮಾತ್ರ ಬರುವುದು.

ಮೈಕ್ ಹಿಡಿದವ:

ನಾನು ಬೆಂಗಳೂರಲ್ಲಿ ಆರು ವರ್ಷದಿಂದ ಇದನ್ನೇ ಮಾಡುತ್ತಿದ್ದೇನೆ, ಅರ್ಧ ಕನ್ನಡ ಅರ್ಧ ಇಂಗ್ಲಿಷ್. ಸ್ಟ್ಯಾಂಡ್ ಅಪ್ಪಾ ಅಲ್ವಾ ಅನ್ನುವ ಜಗಳ ನಮ್ಮ ಗುಂಪಿನಲ್ಲಿ ವಾರಕ್ಕೊಮ್ಮೆ ಆಗುತ್ತದೆ, ಯಾರೂ ಗೆದ್ದಿಲ್ಲ. ಕಿಟ್ಟಿ ಅವರೇ, ನಿಮ್ಮ ತಮ್ಮನ ಬಗ್ಗೆ ಹೇಳುತ್ತೇನೆ.

ಓಪನ್ ಮೈಕ್ ಅಂದರೆ ಹೀಗಿರುತ್ತದೆ. ಒಂದು ಕೆಫೆಯ ಮೇಲಿನ ಮಹಡಿ. ಹದಿನಾಲ್ಕು ಜನ, ಅದರಲ್ಲಿ ಒಂಬತ್ತು ಜನ ತಮ್ಮ ಸರದಿಗೆ ಕಾಯುವ ಕಾಮಿಡಿಯನ್‌ಗಳು. ಅವರು ನಗುವುದಿಲ್ಲ, ಫೋನ್‌ನಲ್ಲಿ ತಮ್ಮ ಜೋಕ್ ಓದುತ್ತಿರುತ್ತಾರೆ. ನಿಮಗೆ ಸಿಗುವುದು ನಾಲ್ಕೈದು ನಿಮಿಷ. ಮುಗಿಯುತ್ತಾ ಬಂತು ಅಂದರೆ ಹಿಂದಿನಿಂದ ಒಬ್ಬ ಮೊಬೈಲ್ ಟಾರ್ಚ್ ತೋರಿಸುತ್ತಾನೆ. ನನ್ನ ಮೊದಲ ಸೆಟ್‌ನಲ್ಲಿ ಜೋಕಿನ ಕೊನೆ ಮಾತು ಹೇಳುವ ಹೊತ್ತಿಗೆ ಸರಿಯಾಗಿ ಕಾಫಿ ಬೀಜ ರುಬ್ಬುವ ಮೆಷಿನ್ ಗರ್ರ್ ಅಂತು. ಅದು ನಿಂತ ಮೇಲೆ ಇನ್ನೊಮ್ಮೆ ಹೇಳಿದೆ. ಮುಂದಿನ ಸಾಲಿನ ಒಬ್ಬರು "ಕೇಳಿಸ್ತು ಗುರು" ಅಂದರು. ಆ ರಾತ್ರಿ ಜನ ನಕ್ಕಿದ್ದು ಅದಕ್ಕೊಂದಕ್ಕೇ.

ದುಡ್ಡು? ಓಪನ್ ಮೈಕ್‌ಗೆ ಸೊನ್ನೆ, ಕೆಲವು ಕಡೆ ನಾವೇ ಕಾಫಿ ಕೊಳ್ಳಬೇಕು. ಲೈನ್‌ಅಪ್ ಶೋಗೆ (ಕೆಲವರು ಸೇರಿ ಒಂದೇ ರಾತ್ರಿ ಮಾಡುವ ಶೋ) ಸಿಕ್ಕರೆ ಆಟೋ ಚಾರ್ಜ್ ಕಳೆದು ಊಟಕ್ಕಾಗುವಷ್ಟು. ಅಸಲು ದುಡ್ಡು ಕಂಪನಿಗಳ ವಾರ್ಷಿಕೋತ್ಸವದ ಶೋಗಳಲ್ಲಿ. ನನ್ನ ಮೊದಲ ದೊಡ್ಡದು 2022ರಲ್ಲಿ, 40,000ಕ್ಕೆ ಮಾತಾಗಿತ್ತು. ಟಿಡಿಎಸ್ 4,000 ಹಿಡಿದು 36,000 ಬಂತು, ಅದೂ ನಾಲ್ಕು ತಿಂಗಳಾದ ಮೇಲೆ, ನಾನು ಹನ್ನೊಂದು ಮೇಲ್ ಹಾಕಿದ ಮೇಲೆ. ಕನ್ನಡದವರಿಗೆ ಇನ್ನೊಂದು ದಾರಿ ಇದೆ, ನಮ್ಮ ಹುಡುಗರು ಅದನ್ನು ಸುಮ್ನೆ ಕೀಳಾಗಿ ನೋಡುತ್ತಾರೆ. ಗಂಗಾವತಿ ಪ್ರಾಣೇಶ್, ಪ್ರೊ. ಕೃಷ್ಣೇಗೌಡ ಅವರು ಊರೂರಿನ ಹಾಸ್ಯ ಸಂಜೆಗಳಲ್ಲಿ ಸಾವಿರಾರು ಜನರನ್ನು ಗಂಟೆಗಟ್ಟಲೆ ಕೂರಿಸುತ್ತಾರೆ. ಗಣಪತಿ ಪೆಂಡಾಲು, ಹಿಂದೆ ಜನರೇಟರ್ ಸದ್ದು, ಮುಂದೆ ಮಕ್ಕಳ ಅಳು, ನಡುವೆ ಅಧ್ಯಕ್ಷರ ಭಾಷಣ. ಅದರಲ್ಲಿ ನಗಿಸಿದವನಿಗೆ ಕೆಫೆ ಯಾವ ಲೆಕ್ಕ. ನಾನು ಒಮ್ಮೆ ಹೋಗಿದ್ದೆ. ಶಾಲು, ಹಾರ, ಹಣ್ಣಿನ ಬುಟ್ಟಿ, ಕವರ್. ಕವರ್ ಆವತ್ತೇ ಕೊಟ್ಟರು!

ನಿಮ್ಮ ತಮ್ಮ ಕೆಲಸ ಬಿಡುವ ಮೊದಲು ಒಂದು ನೋಡಿ. ಅವನ ಹತ್ತಿರ ನಗು ಬರುವ ಮೂವತ್ತು ನಿಮಿಷ ಇದೆಯಾ? ಒಂದು ವರ್ಷಕ್ಕೆ ಹತ್ತು ನಿಮಿಷ ಇದ್ದರೆ ದೊಡ್ಡದು. ಮೂವತ್ತು ನಿಮಿಷ ಆಗುವ ತನಕ ಟೆಸ್ಟಿಂಗ್ ಬಿಡಬಾರದು, ಬಗ್ ಹುಡುಕುವ ಕೆಲಸ ಇದಕ್ಕೆ ಒಳ್ಳೆ ತಾಲೀಮು. ಗಿರ್ಮಿಟ್ ಅವರು ಹೇಳಿದ ಆ ಆರು ವರ್ಷ ಕಪಿಲ್‌ಗೆ ಟಿವಿಯವರು ದುಡ್ಡು ಕೊಟ್ಟು ಕಲಿಸಿದರು. ನಮಗೆ ಆ ಕಾಮಿಡಿ ಸರ್ಕಸ್ ಇಲ್ಲ, ಸಂಬಳವೇ ನಮ್ಮ ಸರ್ಕಸ್.

ಗಿರ್ಮಿಟ್ ಹುಬ್ಬಳ್ಳಿ:

ಇನ್ನೊಂದು ಸೇರಿಸುತ್ತೇನೆ. ದುಡ್ಡು ಬಂದ ಮೇಲೂ ನೆಮ್ಮದಿ ಅಂತಿಲ್ಲ. 2025ರ ಜುಲೈನಲ್ಲಿ ಕೆನಡಾದ ಸರ್ರೆಯಲ್ಲಿ ಕ್ಯಾಪ್ಸ್ ಕೆಫೆ ಅಂತ ತೆರೆದರು. ತೆರೆದ ವಾರದಲ್ಲೇ ಯಾರೋ ಗುಂಡು ಹಾರಿಸಿದರು. ಆಗಸ್ಟ್‌ನಲ್ಲಿ ಇನ್ನೊಮ್ಮೆ, ಅಕ್ಟೋಬರ್‌ನಲ್ಲಿ ಮತ್ತೊಮ್ಮೆ. ಬೀಗ ಹಾಕಲಿಲ್ಲ, ರಿಪೇರಿ ಮಾಡಿಸಿ ಮತ್ತೆ ತೆರೆದರು. ನಾನಾಗಿದ್ದರೆ ಮೊದಲನೇ ಸಲಕ್ಕೇ ಹುಬ್ಬಳ್ಳಿಗೆ ಬಂದು ಮಿರ್ಚಿ ಭಜಿ ಅಂಗಡಿ ಇಡುತ್ತಿದ್ದೆ.

ಕೆರೆದಂಡೆ ಕಿಟ್ಟಿ:

ಎಲ್ಲರಿಗೂ ಥ್ಯಾಂಕ್ಸ್. ನಿನ್ನೆ ರಾತ್ರಿ ಊಟ ಆದ ಮೇಲೆ ಇದಿಷ್ಟನ್ನೂ ಅಪ್ಪನಿಗೆ ಜೋರಾಗಿ ಓದಿ ಹೇಳಿದೆ. ತಮ್ಮ ಫೋನ್‌ನಲ್ಲಿ ಸ್ಪೀಕರ್ ಮೇಲಿದ್ದ. ಮೂವತ್ತು ನಿಮಿಷದ ಪ್ರಶ್ನೆ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದ, ಆಮೇಲೆ "ಏಳು" ಅಂದ. ಏಳು ನಿಮಿಷ. ಕೆಲಸ ಸದ್ಯಕ್ಕೆ ಬಿಡುವುದಿಲ್ಲ ಅಂದಿದ್ದಾನೆ. ಮೈಕ್ ಹಿಡಿದವರೇ, ಅವನು ನಿಮಗೆ ಮೆಸೇಜ್ ಮಾಡುತ್ತಾನಂತೆ, ಗಣಪತಿ ಪೆಂಡಾಲಿನ ವಿಷಯ ಕೇಳೋಕೆ.

ಅಪ್ಪ ತೆರಿಗೆ, ನೆಟ್‌ಫ್ಲಿಕ್ಸ್, ಮಾಲ್ಡೀವ್ಸ್ ಎಲ್ಲ ಬರುವಾಗ ಕಣ್ಣು ಮುಚ್ಚಿಕೊಂಡಿದ್ದರು. ನಿದ್ದೆ ಬಂತು ಅಂದುಕೊಂಡೆ. ಓದಿ ಮುಗಿಸಿದ ಮೇಲೆ ಒಂದೇ ಪ್ರಶ್ನೆ ಕೇಳಿದರು. "ಆ ಹುಡುಗ ಅಮೃತಸರದಲ್ಲಿ ಫೇಲಾಗಿ ದೆಹಲಿಗೆ ಹೋದ ಅಂದೆಯಲ್ಲ, ಚಾರ್ಜಿಗೆ ಯಾರು ಕೊಟ್ಟರು?" ಮೂವತ್ತೊಂದು ವರ್ಷ ಟಿಕೆಟ್ ಹರಿದವರು, ಅವರಿಗೆ ಅದೇ ಮುಖ್ಯ. ಯಾರಿಗಾದರೂ ಗೊತ್ತಿದ್ದರೆ ಹೇಳಿ.